ಎರಡನೇ ಚರಣದಲ್ಲಿ ನಿಂತ ದನಿ

ತಾಕಾಓಕಾ
ನವೆಂಬರ್ 14, ಶುಕ್ರವಾರ ಬೆಳಿಗ್ಗೆ

ನನ್ನ ಮುದ್ದು ರಿತ್ಸುಕೊ,

ಕ್ಷೇಮ ಸಮಾಚಾರ ಆಮೇಲೆ. ಮೊದಲು ಇದನ್ನು ಮನಸ್ಸಿನಲ್ಲಿ ಗಟ್ಟಿ ಮಾಡಿಕೋ: ಬರುವ ಬುಧವಾರ ಹಾಡಲು ಬರಬೇಡ. ಅದರ ಮುಂದಿನ ಬುಧವಾರವೂ ಬೇಡ. ನಮ್ಮ ಕರೋಕೆ ಅಂಗಡಿಯ ದಿಕ್ಕಿಗೇ ತಲೆ ಹಾಕಬೇಡ. ಅಕ್ಷರ ಕೋಳಿ ಕಾಲಾಗಿದ್ದರೆ ಬೈಯಬೇಡ, ಅವಸರದಲ್ಲಿ ಬರೆಯುತ್ತಿದ್ದೇನೆ.

ನಿನ್ನೆ ಮಧ್ಯಾಹ್ನ ಎರಡರ ಹೊತ್ತಿಗೆ ಒಬ್ಬ ಬಂದ. ಬೂದು ಕೋಟು, ಐವತ್ತರ ಆಸುಪಾಸು. ಕೌಂಟರಿನ ಮುಂದೆ ನಿಂತು ತಲೆಬಾಗಿದ ರೀತಿ ನೋಡಿದರೆ ಎಷ್ಟು ವಿನಯವಂತ ಅನ್ನಿಸಬೇಕು. ಕೈಯಲ್ಲಿ ಹಾಡಿನ ಕಛೇರಿಗಳಲ್ಲಿ ನಾವು ಬೀಸುತ್ತಿದ್ದ ಬೆಳಕಿನ ಕೋಲು. ನಮ್ಮ ಐವರು ಗಾಯಕರ ನಾಗಿಸಾ ಫೈವ್ ತಂಡ ಒಡೆದು ನಾಲ್ಕು ವರ್ಷವಾದ ಮೇಲೂ ಅದನ್ನು ಜೋಪಾನ ಮಾಡುವವರು ನಮ್ಮಂಥ ಹುಚ್ಚಿಯರು ಮಾತ್ರ ಅಂದುಕೊಂಡಿದ್ದೆ. ಹಿಡಿಗೆ ಹಳದಿ ಪಟ್ಟಿ ಸುತ್ತಿತ್ತು, ತಂಡದಲ್ಲಿ ನಿನ್ನ ಮೆಚ್ಚಿನ ತೊಮೊಹಾರುವಿನ ಬಣ್ಣ.

"ನನ್ನ ತಂಗಿ ಇದನ್ನ ಮನೇಲೇ ಬಿಟ್ಟು ಬಂದಿದಾಳೆ. ನೊಮೊತೊ ರಿತ್ಸುಕೊ ಅಂತ. ಅಮ್ಮಂಗೆ ಹುಷಾರಿಲ್ಲ, ಅವಳ ಫೋನ್ ಹೋಗ್ತಾ ಇಲ್ಲ. ಊರಿನ ಕರೋಕೆ ಅಂಗಡಿ ಒಂದೂ ಬಿಡದೆ ಕೇಳ್ಕೊಂಡು ಬರ್ತಿದೀನಿ" ಅಂದ.

ನಿನಗೆ ನೀಗಾತಾದಲ್ಲಿ ಅಣ್ಣನಿದ್ದಾನೆ ಎಂದು ನೀನೇ ಹೇಳಿದ್ದೆ. ನೀನು ಬಿಟ್ಟು ಓಡಿಬಂದ ಗಂಡನ ಮುಖವನ್ನು ನಾನು ಕಂಡವಳಲ್ಲ. ನೀನು ಹೇಳಿದ್ದನ್ನೆಲ್ಲ ಕೇಳಿ ನನ್ನಷ್ಟಕ್ಕೆ ನಾನೊಂದು ಮುಖ ಮಾಡಿಕೊಂಡಿದ್ದೆ: ಕೆಂಪು ಕಣ್ಣು, ಗುಡುಗುವ ಗಂಟಲು. ಈ ಮನುಷ್ಯನ ಮಾತೋ, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ.

ಅಂಥ ಹೆಸರಿನವರು ಇಲ್ಲಿಗೆ ಬರುವುದಿಲ್ಲ ಎಂದೇ ಮೊದಲು ಹೇಳಿದೆ, ದೇವರಾಣೆ. ಅವನು ವಾದ ಮಾಡಲಿಲ್ಲ. ಕೋಲನ್ನು ಕೌಂಟರಿನ ಮೇಲಿಟ್ಟು ಸುಮ್ಮನೆ ನಕ್ಕ. "'ಛತ್ರಿ ಇಲ್ಲದ ಸೋಮವಾರ' ಹಾಡ್ದೇ ಇದ್ರೆ ಅವಳಿಗೆ ಅಡುಗೇನೇ ಆಗ್ತಿರ್ಲಿಲ್ಲ ಕಣ್ರೀ" ಅಂದ. ರಿತ್ಸುಕೊ, ಆ ಹಾಡು ಗೊತ್ತಿರುವವರು ಈ ಊರಿನಲ್ಲಿ ಎಷ್ಟು ಜನ? ತೊಮೊಹಾರು ಒಬ್ಬನೇ ಹಾಡಿದ್ದು, ಒಮ್ಮೆಯೂ ಟಿವಿಗೆ ಬಾರದ ಹಾಡು. ನನ್ನ ಮಂಕು ಬುದ್ಧಿ ಅಲ್ಲೇ ಜಾರಿತು. ಕಛೇರಿಯ ಸಾಲಿನಲ್ಲಿ ನಿಂತಾಗ ನಾವೇನು ಮಾಡುತ್ತಿದ್ದೆವು ಹೇಳು. ನಮ್ಮ ಬಣ್ಣ ತೊಟ್ಟವಳು ಕಂಡರೆ ಸಾಕು, ಹೆಸರು ಕೇಳದೆ ಬ್ಯಾಗನ್ನು ಅವಳ ಕೈಗೆ ಕೊಟ್ಟು ಶೌಚಾಲಯಕ್ಕೆ ಹೋಗುತ್ತಿದ್ದೆವು. ಇಪ್ಪತ್ತು ವರ್ಷದಲ್ಲಿ ಒಂದು ಕರವಸ್ತ್ರವೂ ಕಳೆಯಲಿಲ್ಲ. ಬಣ್ಣ ಸುಳ್ಳು ಹೇಳುವುದಿಲ್ಲ ಎಂದು ನಂಬಿ ಬದುಕಿದವಳು ನಾನು.

ಬುಧವಾರ ಎರಡು ಗಂಟೆಗೆ ಬರುತ್ತಾಳೆ, ಏಳನೇ ಕೋಣೆ, ಎಂದು ಹೇಳಿಬಿಟ್ಟೆ. ಸಾಲದ್ದಕ್ಕೆ, ಹೊಸಬರು ಸಿಕ್ಕರೆ ತಂಡದ ಭಕ್ತರನ್ನಾಗಿ ಮಾಡದೆ ಬಿಡದ ನಮ್ಮ ಚಾಳಿ ಗೊತ್ತಲ್ಲ. "ಇಷ್ಟು ದೂರ ಬಂದಿದೀರಾ, ತಂಗಿ ಹಾಡೋ ಕೋಣೇಲಿ ಒಂದೆರಡು ಹಾಡಿ ನೋಡಿ" ಅಂತ ನಾನೇ ಅವನನ್ನು ಏಳನೇ ಕೋಣೆಯಲ್ಲಿ ಕೂರಿಸಿ ಬಂದೆ.

ಊಲಾಂಗ್ ಚಹಾ ಕೊಡಲು ಹೋದವಳು ಬಾಗಿಲಾಚೆ ನಿಂತುಬಿಟ್ಟೆ. ಎಷ್ಟು ಚೆನ್ನಾಗಿ ಹಾಡುತ್ತಿದ್ದ ಅಂತೀಯ! ನಾವು ತೊಮೊಹಾರುವಿನ ಹೆಸರು ಕೂಗುವ ಜಾಗದಲ್ಲಿ ಅವನೂ ಸರಿಯಾಗಿ ಕೂಗಿದ. ನನಗೆ ನಗುವೂ ಬಂತು, ಕಣ್ಣೂ ತುಂಬಿತು. ತಂಗಿಗಾಗಿ ಇಷ್ಟು ಕಲಿತ ಅಣ್ಣ ಎಂಥವನಿರಬೇಕು ಅಂದುಕೊಂಡೆ.

ಎರಡನೇ ಚರಣದ ನಡುವೆ ದನಿ ನಿಂತಿತು. ವಾದ್ಯ ಮಾತ್ರ ಕೊನೆಯವರೆಗೂ ನುಡಿಯಿತು. ಮರೆತಿರಬೇಕು ಅಂದುಕೊಂಡೆ. ಆದರೆ ಸಾಲುಗಳು ಪರದೆಯ ಮೇಲೇ ಬರುತ್ತವಲ್ಲ, ಮರೆಯುವುದೇನು? ಮುಂದಿನ ಹಾಡೂ ಎರಡನೇ ಚರಣದಲ್ಲಿ ನಿಂತಿತು. ಮೂರನೆಯದೂ ಅಷ್ಟೇ.

ಆಗ ಹೊಳೆಯಿತು. ನೀನೂ ಅಲ್ಲೇ ನಿಲ್ಲಿಸುತ್ತೀಯ. "ಅರ್ಧ ಹಾಡಿನ ರಾಣಿ" ಎಂದು ಎಷ್ಟು ಸಲ ನಿನ್ನ ಕಾಲೆಳೆದಿಲ್ಲ! ಒಂದು ದಿನ ನೀನು ತಲೆ ತಗ್ಗಿಸಿ ಹೇಳಿದೆಯಲ್ಲ, "ಅಕ್ಕ, ನನ್ನ ಗಂಡ ಬೂಟು ಬಿಚ್ಚದೆ ಬಾಗಿಲ ಹೊರಗೆ ನಿಂತು ಕೇಳ್ತಿದ್ದ. ಎರಡನೇ ಚರಣ ಬಂದ ಮೇಲೆ ಒಳಗೆ ಬರ್ತಿದ್ದ. ಇವತ್ತಿಗೂ ಅಲ್ಲಿಗೆ ಬಂದ್ರೆ ಗಂಟಲು ತಾನಾಗೇ ಮುಚ್ಕೊಳತ್ತೆ" ಅಂತ. ನಿನ್ನ ಡಿಸ್ಕುಗಳನ್ನು ಒಂದೊಂದಾಗಿ ಮುರಿದು ಊಟದ ಮೇಜಿನ ಮೇಲೆ ಜೋಡಿಸಿದವನ ಕಥೆಯನ್ನೂ ಅಂದೇ ಹೇಳಿದ್ದು.

ಬಾಗಿಲು ತೆರೆಯಿತು. ಟ್ರೇ ಮುಂದೆ ಚಾಚಿದೆ. ಅವನು ಲೋಟವನ್ನು ಎರಡೂ ಕೈಯಲ್ಲಿ ತೆಗೆದುಕೊಂಡ.

"ಮುಂದಿಂದು ನಂಗೆ ಬರಲ್ಲ. ಅವಳು ಅಷ್ಟೇ ಹಾಡ್ತಿದ್ದಿದ್ದು" ಅಂದ. ಆಮೇಲೆ, "ಬುಧವಾರ ನಾನೂ ಬರ್ತೀನಿ. ಅವಳಿಗೆ ಹೇಳ್ಬೇಡಿ, ಆಶ್ಚರ್ಯ ಆಗ್ಲಿ" ಅಂತ ನಕ್ಕು ಹೋದ. ಚಹಾ ಮುಟ್ಟಿರಲಿಲ್ಲ.

ನನಗೆ ಅಷ್ಟು ಭಯ ಹಿಂದೆಂದೂ ಆಗಿಲ್ಲ. ಕೌಂಟರಿನ ಕೆಳಗೆ ಕೂತು ಉಸಿರು ಸರಿ ಮಾಡಿಕೊಂಡೆ. ನಿನ್ನ ಹೊಸ ಫೋನ್ ನಂಬರ್ ನನ್ನ ಹತ್ತಿರ ಇಲ್ಲ. ನನಗೆ ಗೊತ್ತಿಲ್ಲದ್ದನ್ನು ನನ್ನ ಬಾಯಿಂದ ಯಾರೂ ಹೊರಡಿಸಲಾರರು ಎಂದು ದೊಡ್ಡ ಜಾಣೆಯಂತೆ ಬೇಡ ಅಂದಿದ್ದೆನಲ್ಲ. ನೀನು ಕೆಲಸ ಮಾಡುವ ಲಾಂಡ್ರಿಗೆ ಓಡಿದೆ, ನೀನು ಆಗಲೇ ಮನೆಗೆ ಹೊರಟಿದ್ದೆ. ಸಂಜೆ ಪೊಲೀಸ್ ಚೌಕಿಗೆ ಹೋದೆ. ಅಲ್ಲಿದ್ದವನಿಗೆ ನನ್ನ ಮಗನ ವಯಸ್ಸು. "ಬೆದರಿಸಿದ್ನಾ ಮೇಡಂ?" ಅಂದ. ಇಲ್ಲ. "ಕೈ ಮಾಡಿದ್ನಾ?" ಇಲ್ಲ. "ಮತ್ತೇನ್ ಮಾಡ್ದ?" ಹಾಡಿದ, ಅಂದೆ. ಅವನು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟ. ನೀನೇ ಬಂದು ಹೇಳಿದರೆ ದೂರು ಬರೆದುಕೊಳ್ಳುತ್ತಾರಂತೆ, ನಿನ್ನ ಹೆಸರಿನಲ್ಲಿ ತಡೆ ಆಜ್ಞೆಗೂ ದಾರಿಯಿದೆಯಂತೆ. ನಾಳೆ ನನಗೆ ರಜೆ. ಇಬ್ಬರೂ ಜೊತೆಗೇ ಹೋಗೋಣ.

ಧೈರ್ಯವಾಗಿರು. ಅವನಿಗೆ ಗೊತ್ತಾಗಿರುವುದು ಬುಧವಾರ ಮತ್ತು ಏಳನೇ ಕೋಣೆ, ಅಷ್ಟೇ. ನೀನು ಇರುವ ಮನೆ ಅವನಿಗೆ ಗೊತ್ತಿಲ್ಲ. ಬಾಗಿಲಿಗೆ ಚಿಲಕ ಹಾಕಿಕೋ, ಹೊತ್ತಿಗೆ ಸರಿಯಾಗಿ ಊಟ ಮಾಡು. ನನ್ನ ಮೇಲೆ ಸಿಟ್ಟಾದರೆ ಆಗು, ಅದಕ್ಕೆ ನಾನು ತಕ್ಕವಳೇ. ಸ್ನೇಹ ಮಾತ್ರ ಮುರಿಯಬೇಡ.

ತಪ್ಪು ಮಾಡಿ ನಿನ್ನ ಮುಂದೆ ತಲೆ ತಗ್ಗಿಸಿರುವ,
ನಿನ್ನ ಮಸುಮಿ ಅಕ್ಕ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಒಡೆದೆ. ಕೊನೆಯಲ್ಲಿ ಧೈರ್ಯ ಹೇಳಿದ್ದು ಸುಳ್ಳು. ನಮ್ಮ ಅಂಗಡಿಗೆ ನೀನು ಕೊಟ್ಟ ಸದಸ್ಯತ್ವದ ಅರ್ಜಿಯನ್ನು ನಾನೇ ಅವನ ಕಡೆ ತಿರುಗಿಸಿ ತೋರಿಸಿದೆ. ಅದನ್ನು ನೀನು ಹಳದಿ ಶಾಯಿಯಲ್ಲಿ ತುಂಬಿದ್ದೆಯಲ್ಲ, ಆ ಚಂದ ತೋರಿಸುವ ಸಡಗರ ನನಗೆ. ಒಂದು ವಿಳಾಸ ಓದಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಅವನು ಅದನ್ನು ನೋಡಿದ. ನಿನ್ನೆ ಚೌಕಿಗೆ ಹೋಗುವ ಮೊದಲು ನಿನ್ನ ಬೀದಿಯ ತಿರುವಿನವರೆಗೂ ಬಂದಿದ್ದೆ. ನಿನ್ನ ಅಡುಗೆಮನೆಯ ದೀಪ ಉರಿಯುತ್ತಿತ್ತು, ಕಿಟಕಿ ಒಂದು ಗೇಣು ತೆರೆದಿತ್ತು, ನೀನು ಹಾಡುತ್ತಿದ್ದೆ. ಅವನು ಗೋಡೆಗೆ ಒರಗಿ, ಕಣ್ಣು ಮುಚ್ಚಿ ಕೇಳುತ್ತಿದ್ದ. ನಾನು ಕೂಗಬೇಕಿತ್ತು ರಿತ್ಸುಕೊ, ಕೂಗಲಿಲ್ಲ. ಹೆದರಿ ಓಡಿದೆ. ಚೌಕಿಯ ಹುಡುಗ ಹೋಗಿ ನೋಡುವಷ್ಟರಲ್ಲಿ ಬೀದಿ ಖಾಲಿಯಾಗಿತ್ತಂತೆ. ಅದಕ್ಕೇ ಇದನ್ನು ಅಂಚೆಗೆ ಹಾಕದೆ, ಲಾಂಡ್ರಿಯ ಹಿರಿಯಾಕೆ ಓಕುದಾ ಅವರ ಕೈಗೆ ಕೊಡುತ್ತಿದ್ದೇನೆ. ಲಾಂಡ್ರಿಯ ಹಿಂಬಾಗಿಲಲ್ಲಿ ಟ್ಯಾಕ್ಸಿ ಹಿಡಿದುಕೊಂಡು ನಿಂತಿದ್ದೇನೆ. ಏಪ್ರನ್ ಬಿಚ್ಚಲೂ ನಿಲ್ಲದೆ ಬಾ. ಬೈಯುವುದನ್ನು ದಾರಿಯಲ್ಲಿ ಬೈಯುವಿಯಂತೆ, ಆ ಮನೆಗೆ ಮಾತ್ರ ಮತ್ತೆ ಹೋಗಬೇಡ.