ಅಂಗೈ ಗೆರೆ ಕಾಣದ ಹೋಟೆಲ್ಲು

ಮಿರಜ
೧೨ ಫೆಬ್ರುವರಿ ೨೦೨೬, ಗುರುವಾರ

ಬಂಗಾರದಂಥ ಮೊಮ್ಮಗಳು ಅನುಜಾಗೆ, ಅಜ್ಜಿಯ ಜಯ ಜಿನೇಂದ್ರ.

ಹೇಗಿದ್ದೀ ಮಗಳೇ? ಕೆಮ್ಮು ನಿಂತಿತೇ? ಇಚಲಕರಂಜಿಯ ಅರಳೆ ಧೂಳು ನಿನಗೆ ಆಗಿಬರುವುದಿಲ್ಲ, ಬಿಸಿನೀರು ಬಿಡಬೇಡ. ಸೋದರಮಾವನ ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಂತು ಸೀರೆ ಮಡಚುತ್ತೀಯಂತೆ, ಕಾಲು ಬಾತಿಲ್ಲ ತಾನೇ? ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು. ಆದರೆ ಮೂರು ತಿಂಗಳಾಯಿತು, ನೀನು ನನ್ನ ಫೋನು ಎತ್ತುವುದಿಲ್ಲ. ಹೋದ ತಿಂಗಳು ನಾನೇ ಬಂದರೆ ಕದ ಹಾಕಿಕೊಂಡು ಕೂತೆ. ಅದಕ್ಕೇ ಈ ಕಾಗದ. ಆರಗದ ಕನ್ನಡ ಶಾಲೆಯಲ್ಲಿ ನಾಲ್ಕನೆಯ ತರಗತಿಯವರೆಗೆ ಓದಿದವಳು ನೀನು, ನನ್ನ ಕಾಗೆಕಾಲಿನಂಥ ಅಕ್ಷರವೂ ನಿನಗೆ ತಿಳಿಯುತ್ತದೆ. ಹರಿದು ಹಾಕುವುದಿದ್ದರೆ ಪೂರ್ತಿ ಓದಿ ಹರಿ. ಸೋಮವಾರದೊಳಗೆ ಇದು ನಿನಗೆ ಮುಟ್ಟದಿದ್ದರೆ ಏನು ಗತಿ ಎಂದು ನಿನ್ನೆಯಿಂದ ನನಗೆ ಅನ್ನ ಸೇರುತ್ತಿಲ್ಲ. ಬಿಪಿ ಗುಳಿಗೆಯನ್ನು ಎರಡು ಸಲ ನುಂಗಿದೆನೋ, ಒಂದು ಸಲವೂ ನುಂಗಲಿಲ್ಲವೋ, ಅದೂ ನೆನಪಿಲ್ಲ.

ನಿನ್ನೆ ನಾನು ಮತ್ತೆ ನೀನು ಅಡುಗೆಗಿದ್ದ ಆ 'ಮೋಹರ' ಹೋಟೆಲ್ಲಿಗೆ ಹೋಗಿದ್ದೆ. ಹೌದು, ನಾನೇ! ಆ ಹೋಟೆಲ್ಲಿನ ಹೊಸ್ತಿಲು ಮತ್ತೆ ತುಳಿದರೆ ಕೇಳ್ರಿ ಎಂದು ಓಣಿ ತುಂಬ ಹೇಳಿಕೊಂಡು ತಿರುಗಿದವಳು. ನಿನ್ನ ಚಾಕುಗಳ ಪೆಟ್ಟಿಗೆ ಅಲ್ಲೇ ಉಳಿದಿದೆ, ಬಂದು ಒಯ್ಯಿರಿ ಎಂದು ನಿಮ್ಮ ಅಡುಗೆಮನೆಯ ಮುಖ್ಯಸ್ಥ ಸಂಘರ್ಷ ಫೋನು ಮಾಡಿದ್ದ. ನಿನ್ನ ಅಪ್ಪ ಸಂಮೇದ "ಬಿದ್ದಿರ್ಲಿ ಬಿಡು" ಎಂದುಬಿಟ್ಟ. ನನಗೆ ತಡೆಯಲಾಗಲಿಲ್ಲ. ನಿನ್ನ ಅಜ್ಜನನ್ನು ಎಬ್ಬಿಸಿಕೊಂಡು ಸಾಂಗಲಿ ರಸ್ತೆಯ ಆಟೋ ಹತ್ತಿದೆ.

ದಾರಿಯುದ್ದಕ್ಕೂ ನವೆಂಬರಿನ ಆ ಸಂಜೆಯೇ ಕಣ್ಣ ಮುಂದೆ. ಕೆಲಸಕ್ಕೆ ಸೇರಿ ಆರು ತಿಂಗಳಾದ ಖುಷಿಗೆ ನೀನೇ ಮಾಡಿ ಬಡಿಸುತ್ತೇನೆಂದು ನಮ್ಮನ್ನೆಲ್ಲ ಕರೆದಿದ್ದೆ. ಕವಲಾಪುರದ ನಿನ್ನ ತಾಯಿಯ ಕಡೆಯವರೂ ಸೇರಿ ಹನ್ನೆರಡು ಮಂದಿ. ನಮ್ಮನ್ನು ಕೂರಿಸಿದ್ದು ಕಿಟಕಿಯಿಲ್ಲದ ಒಳಗಿನ ಕೋಣೆಯಲ್ಲಿ. ಒಂದೊಂದು ಮೇಜಿಗೆ ಒಂದೊಂದು ಮಿಣುಕು ದೀಪ. ಮೊರದಗಲ ತಟ್ಟೆ, ನಡುವೆ ಒಂದು ತುತ್ತು. "ಇದು ಊಟ ಏನ, ಬರೇ ತಟ್ಟಿ ತೋರಸಾಕ ಕರದಾರೇನ?" ಎಂದು ನಿನ್ನ ಅಜ್ಜ ನಕ್ಕರು. ನಾನು ನಗಲಿಲ್ಲ. ನಲವತ್ತು ವರ್ಷದಿಂದ ಹೊತ್ತು ಮುಳುಗಿದ ಮೇಲೆ ಬಾಯಿಗೆ ಏನೂ ಹಾಕದವಳು ನಾನು. ದೀಪವಿಲ್ಲದೆ ಅಂಗೈಯ ಗೆರೆ ಕಂಡರೆ ಉಣ್ಣು, ಕಾಣದಿದ್ದರೆ ಏಳು ಎಂದು ನನ್ನ ಅವ್ವ ಕಲಿಸಿದ್ದಳು. ತುತ್ತು ಕಲಸಿದವಳು ದೀಪಕ್ಕೆ ಸೆರಗು ಮರೆಮಾಡಿ ಇನ್ನೊಂದು ಕೈ ಹಿಡಿದು ನೋಡಿದೆ. ಗೆರೆ ಕಾಣಲಿಲ್ಲ. ಎದ್ದುಬಿಟ್ಟೆ. ನೀನು ಓಡಿ ಬಂದು ಫೋನಿನಲ್ಲಿ ಗಂಟೆ ತೋರಿಸಿದೆ. "ಅಜ್ಜಿ, ಇನ್ನಾ ಹೊತ್ತೈತ್ರಿ, ಹೊರಗ ಬಂದು ನೋಡ್ರಿ" ಎಂದೆ. "ನಿನ್ನ ಫೋನು ಸುಳ್ಳು ಹೇಳೀತು, ನನ್ನ ಅಂಗೈ ಹೇಳಂಗಿಲ್ಲ" ಎಂದು ನಾನು ಕೈ ತೊಳೆಯಲು ಹೋದೆ. ತಿರುಗಿ ಬರುವಷ್ಟರಲ್ಲಿ ಹನ್ನೆರಡೂ ತಟ್ಟೆ ಹಾಗೇ ಇದ್ದವು. ಹಿರಿಯಳು ಎದ್ದ ಪಂಕ್ತಿಯಲ್ಲಿ ಯಾರು ಉಣ್ಣುತ್ತಾರೆ? ಬೀಗರ ಮುಂದೆ ಮಾನ ಹೋಯಿತೆಂದು ಸಂಮೇದ ನಿನಗೆ "ನಾಳಿಂದ ಇಲ್ಲಿ ಕಾಲಿಡಬ್ಯಾಡ" ಎಂದ. ಕರೆದೊಯ್ಯುವ ಗಾಡಿ ಬರುವತನಕ ಎಲ್ಲರೂ ಒಳಗೇ ಕೂತೆವು. ಹೊರಗೆ ಬಂದಾಗ ಕತ್ತಲಾಗಿತ್ತು, ಅಜ್ಜಿ ಹೇಳಿದ್ದೇ ಖರೆ ಎಂದು ಎಲ್ಲರೂ ತಲೆಯಾಡಿಸಿದರು.

ನಿನ್ನೆ ಹೋದಾಗ ಬಾಗಿಲಲ್ಲೇ ಪೆಟ್ಟಿಗೆ ಇಸಿದುಕೊಂಡು ಬರುವ ವಿಚಾರವಿತ್ತು. ಸಂಘರ್ಷ ಬಿಡಲಿಲ್ಲ. "ಅಜ್ಜಿ, ಬರ್ರಿ, ಕುಂದ್ರಿ, ಹೊತ್ತು ಮುಳುಗಾಕ ಇನ್ನಾ ಎರಡ ತಾಸು ಐತ್ರಿ" ಎಂದು ಮುಂದಿನ ಕಿಟಕಿಯ ಹತ್ತಿರ ಕೂರಿಸಿದ. ನಾನು ಕೇಳುವ ಮೊದಲೇ ಗಂಟೆ ಹೇಳಿದನಲ್ಲ, ನಿನಗೆ ಹೇಗೆ ಗೊತ್ತು ಎಂದೆ. ಒಳಗೆ ಕರೆದೊಯ್ದು ಗೋಡೆ ತೋರಿಸಿದ. ವರ್ಷದ ಮುನ್ನೂರ ಅರವತ್ತೈದು ದಿನಕ್ಕೂ ಮಿರಜದಲ್ಲಿ ಸೂರ್ಯ ಮುಳುಗುವ ಗಂಟೆ, ನಿನ್ನ ದುಂಡು ಅಕ್ಷರದಲ್ಲಿ. ಜೈನರ ಮೇಜಿಗೆ ಕೊನೆಯ ತಟ್ಟೆ ಅದಕ್ಕಿಂತ ಮುಕ್ಕಾಲು ತಾಸು ಮೊದಲು ಹೋಗಬೇಕೆಂದು ಅಡಿಗೆರೆ ಎಳೆದಿದ್ದೀ. ಉಳ್ಳಾಗಡ್ಡಿ, ಬಟಾಟೆ ಮುಟ್ಟದ ಪಾತ್ರೆಗಳಿಗೆ ಬೇರೆ ಕಪಾಟು, ಬೇರೆ ಒಲೆ. ನೀನು ಹೋಗಿ ಮೂರು ತಿಂಗಳಾದರೂ ಒಂದು ಚಮಚವನ್ನೂ ಅವರು ಆಚೀಚೆ ಮಾಡಿಲ್ಲ, ಅನೂ. ನಮ್ಮ ಮನೆಯಲ್ಲೂ ಇಷ್ಟು ಶಿಸ್ತಿಲ್ಲ. ಥಳಕಿನ ಹೋಟೆಲ್ಲು, ಹೊಟ್ಟೆಗೂ ಇಲ್ಲ, ಧರ್ಮಕ್ಕೂ ಇಲ್ಲ ಎಂದು ಊರೆಲ್ಲ ಆಡಿಕೊಂಡೆನಲ್ಲ, ನಾಚಿಕೆಯಾಯಿತು.

ಉಂಡೆ ಕೂಡ. ಅಗಲ ತಟ್ಟೆ, ಒಂದೇ ತುತ್ತು, ಆದರೆ ಒಂದಾದ ಮೇಲೊಂದು ಎಂಟು ಸಲ ಬಂತು. ಆ ದಿನ ಮೊದಲನೆಯದಕ್ಕೇ ಎದ್ದವಳಿಗೆ ಇದೇನು ಗೊತ್ತು! ನಿನ್ನ ಅಜ್ಜ ಆರನೆಯದಕ್ಕೆ ಸೋತು ಪಂಚೆ ಸಡಿಲಿಸಿದರು. ಹುಗ್ಗಿಗೆ ಬೆಲ್ಲ ಒಂದು ಚೂರು ಕಡಿಮೆ ಎಂದೆ, ಸುಮ್ಮನಿರುವ ಬಾಯಿಯೇ ನನ್ನದು? ಸಂಘರ್ಷ "ಅನುಜಾ ಹ್ವಾದ ಮ್ಯಾಲೆ ಆ ಹದ ನಮ್ಮ ಕೈಗಿ ಬರವಲ್ದ್ರಿ" ಎಂದ. ಆ ನವೆಂಬರಿನ ದಿನ ನಮಗಾಗಿ ಎರಡು ತಾಸು ಮೊದಲೇ ಒಲೆ ಹೊತ್ತಿಸಿದ್ದಿರಂತೆ. ನಾವು ಹೋದ ಮೇಲೆ ಹನ್ನೆರಡೂ ತಟ್ಟೆ ನೀನೇ ತೊಳೆದೆಯಂತೆ, ಯಾರನ್ನೂ ಹತ್ತಿರ ಬಿಡಲಿಲ್ಲವಂತೆ. ಒಳಗಿನ ಕೋಣೆ ಕತ್ತಲೆ, ನನಗೂ ವಯಸ್ಸಾಗಿದೆ, ಆ ದಿನ ನನ್ನ ಅಂದಾಜು ತಪ್ಪಿರಬಹುದು.

ಈಗ ಅವಸರದ ಮಾತು. ನಿನ್ನ ಜಾಗಕ್ಕೆ ಸೋಮವಾರ ಬೇರೊಬ್ಬರನ್ನು ತೆಗೆದುಕೊಳ್ಳುತ್ತಾರೆ. ಅಷ್ಟರೊಳಗೆ ನೀನು ಬಂದರೆ ಜಾಗ ನಿನ್ನದೇ ಎಂದು ಸಂಘರ್ಷ ಮಾತು ಕೊಟ್ಟಿದ್ದಾನೆ. ಪೆಟ್ಟಿಗೆಯನ್ನು ನಾನು ತರಲಿಲ್ಲ, ಅಲ್ಲೇ ಇರಲಿ ಎಂದು ಬಂದೆ. ಸಂಮೇದ ಒಪ್ಪುತ್ತಾನೋ ಇಲ್ಲವೋ, ನಾನು ಹೇಳಿದರೆ ನೀನು ಬರುತ್ತೀಯೋ ಇಲ್ಲವೋ, ಒಂದೂ ತಿಳಿಯದು. ಅತ್ತೆ ಮಾವನಿಗೆ ನನ್ನ ನೆನಪು ಹೇಳು. ನಿನ್ನ ಕೈಯಿಂದ ಸಾವಿರ ಮಂದಿಯ ಹಸಿವು ತಣಿಯಲಿ, ಆ ಕೈ ಎಂದೂ ಬಳಲದಿರಲಿ.

ನಿನ್ನ ಅಜ್ಜಿ,
ಸಖುಬಾಯಿ

ತಾ. ಕ.: ಸಂಮೇದನ ಗಾಡಿ ಓಣಿಗೆ ಬಂತು, ಬೇಗ ಬರೆಯುತ್ತೇನೆ. ಮೇಲೆ 'ತಪ್ಪಿರಬಹುದು' ಎಂದದ್ದು ಸುಳ್ಳು. ಆ ದಿನ ಕೈ ತೊಳೆಯುವ ಕಡೆ ಒಂದು ಕಿಟಕಿಯಿತ್ತು. ಸೂರ್ಯ ಇನ್ನೂ ಇದ್ದ, ಮಗಳೇ. ನಾನು ನೋಡಿದೆ. ತಿರುಗಿ ಬಂದು ಅಷ್ಟು ಮಂದಿಯ ಮುಂದೆ 'ನಂದು ತಪ್ಪಾತು' ಅನ್ನಲು ನನಗೆ ಬಾಯಿ ಬರಲಿಲ್ಲ. ನಿನ್ನಪ್ಪ ನಿನ್ನನ್ನು ಬೈಯುವಾಗಲೂ ಸುಮ್ಮನೆ ಕೂತೆ. ಈ ಪಾಕೀಟು ಅಂಟಿಸುವುದಿಲ್ಲ. ಅವನ ಕೈಗೇ ಕೊಟ್ಟು, ಮೊದಲು ನೀನು ಓದು ಎನ್ನುತ್ತೇನೆ. ಇದು ನಿನಗೆ ಮುಟ್ಟಿತೆಂದರೆ ಅವನು ಓದಿದ್ದಾನೆಂದು ತಿಳಿ. ಅವನೇ ತಂದು ಕೊಟ್ಟರೆ ಅವನ ಗಾಡಿ ಹತ್ತಿ ನೆಟ್ಟಗೆ ಕೆಲಸಕ್ಕೆ ಹೋಗು. ನನ್ನ ಮುಖ ನೋಡುವುದೂ ಬಿಡುವುದೂ ಆಮೇಲೆ.