ಎಡಗಡೆಯ ಹಿಡಿಕೆ

ಕೌಲ್ ಬಜಾರ್, ಬಳ್ಳಾರಿ
೯ ಜನವರಿ ೧೮೯೨

ವಕೀಲ ಪ್ರಾಣೇಶರಾಯರಿಗೆ ಬಡಗಿ ಶಾಬುದ್ದೀನನ ಸಲಾಮು.

ನನ್ನ ಹತ್ತಿಬೀಜ ಬಿಡಿಸುವ ಯಂತ್ರವನ್ನು ಬೇರೆ ಯಾರೂ ಮಾಡದಂತೆ ಸರ್ಕಾರದ ಹಕ್ಕು ಕೊಡಿಸುತ್ತೇನೆಂದು ತಾವು ನಕ್ಷೆ ಪಡೆದು ಎಂಟು ತಿಂಗಳಾಯಿತು. ಕೇಳಿದಾಗಲೆಲ್ಲ, “ಕಲ್ಕತ್ತಾದಿಂದ ಜವಾಬ ಬಂದಿಲ್ಲ, ತಡಿಯಪ್ಪ” ಎನ್ನುತ್ತೀರಿ.

ಮೊನ್ನೆ ತೆಕ್ಕಲಕೋಟೆಯಲ್ಲಿ ತಮ್ಮ ಭಾವಮೈದುನರ ಅಂಗಳದಲ್ಲಿ ಅಂಥದೇ ಯಂತ್ರ ಕಂಡೆ. ಸ್ವಂತ ಬುದ್ಧಿಯಿಂದ ಮಾಡಿಸಿದ್ದು ಎಂದು ಅವರು ಹೇಳಿದರು. ಇದ್ದೀತು. ಆದರೆ ತಿರುಗಿಸುತ್ತಿದ್ದ ಆಳು, “ಯಾವನಲೇ ಹಿಡಿಕಿ ಎಡಕ್ಕ ಇಟ್ಟಾವ?” ಎಂದು ಬೈಯುತ್ತಿದ್ದ.

ಹಿಡಿಕೆಯನ್ನು ಎಡಕ್ಕೆ ಇಟ್ಟವನು ನಾನು. ನನ್ನ ಬಲಗೈಯ ಮೂರು ಬೆರಳು ಗರಗಸಕ್ಕೆ ಹೋಗಿದ್ದು ತಮಗೂ ಗೊತ್ತು.

ದಯವಿಟ್ಟು ನಕ್ಷೆಯನ್ನು ಈ ಪತ್ರ ತಂದವರ ಕೈಗೇ ಕೊಡಿರಿ. ತಮ್ಮ ಭಾವಮೈದುನರ ಬಲಗೈಯಲ್ಲಿ ಐದೂ ಬೆರಳಿವೆ, ಎಣಿಸಿಯೇ ಬಂದಿದ್ದೇನೆ.

ಇಂತಿ,
ಶಾಬುದ್ದೀನ್
(ಎಡಗೈ ರುಜು)