ಅಮ್ಮನದೊಂದು ನೆಟ್ಟಗಿನ ಫೋಟೋ

ಮನೆಯಿಂದ,
ಮಾರ್ಚ್ ಹನ್ನೊಂದು, ಬುಧವಾರ

ಪ್ರೀತಿಯ ಅಣ್ಣನಿಗೆ,

ನಿನ್ನ ತಂಗಿ ಮಾಡುವ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ತಪ್ಪುಗಳೂ ಬೇಕಾದಷ್ಟಿರುತ್ತವೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ. ಟೀಚರು ಎದ್ದು ನಿಂತು ಓದು ಅಂದಾಗಲೆಲ್ಲ ಬೆಂಚಿನ ಕೆಳಗೆ ತೂರಿಕೊಳ್ಳುತ್ತಿದ್ದವಳು ನಾನು. ನಾಲ್ಕನೇ ಕ್ಲಾಸು ಮುಗಿಸಿದ್ದೇ ದೊಡ್ಡದು. ಆಮೇಲೆ ಕಲಿತದ್ದೆಲ್ಲ ಅಮ್ಮನಿಂದ. ಅಪ್ಪ ತೆಗೆದು ತೊಳೆದ ಫೋಟೋ ಇನ್ನೂ ಒದ್ದೆ ಇರುವಾಗಲೇ ಅಮ್ಮ ಅದನ್ನು ನೋಡಿ ಏನಾದರೂ ಒಂದು ಮಾತು ಅನ್ನುತ್ತಿದ್ದಳು, ನಾನು ಅದನ್ನು ಹಿಂದುಗಡೆ ಪೆನ್ಸಿಲಿನಲ್ಲಿ ಬರೆಯುತ್ತಿದ್ದೆ, ವಾರಪತ್ರಿಕೆಯವರು ಅದನ್ನೇ ಫೋಟೋದ ಕೆಳಗೆ ಅಚ್ಚು ಹಾಕುತ್ತಿದ್ದರು. ಅಷ್ಟೇ ನನ್ನ ವಿದ್ಯೆ.

ನಿನ್ನ ಸೊಂಟದ ನೋವು ಹೇಗಿದೆ? ಹಡಗಿನ ಎಂಜಿನ್ ರೂಮಿನ ಸೆಕೆಗೆ ಬೆನ್ನ ಮೇಲೆ ಎದ್ದಿದ್ದ ಬೊಕ್ಕೆಗಳು ಒಣಗಿದವೇ? ಅತ್ತಿಗೆ ಹುಷಾರಾಗಿದ್ದಾರಾ? ಮಗುವಿಗೆ ಮುಂದಿನ ಹಲ್ಲು ಬಿದ್ದಿದೆ ಅಂತ ಬರೆದಿದ್ದೆ, ಹೊಸದು ಬಂತೇ? ಅವಳಿಗೆ ಈ ಅತ್ತೆ ಕೇಳಿದಳು ಅಂತ ಹೇಳು. ನಾನು ಚೆನ್ನಾಗಿದ್ದೇನೆ. ಅಪ್ಪ ಎರಡು ಹೊತ್ತು ಊಟ ಮಾಡುತ್ತಾನೆ, ಮಾತ್ರೆ ತಪ್ಪಿಸುವುದಿಲ್ಲ. ಚೆನ್ನಾಗಿದ್ದಾನೆ ಅಂತ ಬರೆಯಲು ಮಾತ್ರ ಕೈ ಬರುತ್ತಿಲ್ಲ.

ನಿನ್ನ ಕಾಗದ ಹೋದ ತಿಂಗಳು ತಲುಪಿತು. ಅಪ್ಪನ ಕಣ್ಣು ಮಂದವಾದ ಮೇಲೆ ಬಂದ ಕಾಗದಗಳನ್ನೆಲ್ಲ ನಾನೇ ಜೋರಾಗಿ ಓದುವುದು. ಒಳಗೇನಿದೆ ಅಂತ ಮೊದಲು ನೋಡಿಕೊಳ್ಳದೆ ಓದುತ್ತಾ ಹೋದೆ. ಮಗು ಅಜ್ಜಿ ಹೇಗಿದ್ದಳು ಅಂತ ದಿನಾ ಕೇಳುತ್ತಾಳೆ, ಅಮ್ಮನ ನೆಟ್ಟಗಿನ ಫೋಟೋ ಒಂದು ಕಳಿಸಿ ಅಂತ ನೀನು ಮೂರು ಸಲ ಬರೆದದ್ದು ಸರಿಯೇ. ಕೊನೆಯ ಸಾಲಿಗೆ ಬರುವ ಹೊತ್ತಿಗೆ ನನ್ನ ನಾಲಿಗೆಗೆ ಬ್ರೇಕು ಬೀಳಲಿಲ್ಲ. "ಊರಿನ ಕತ್ತೆಗೂ ನಾಯಿಗೂ ಫೋಟೋ ತೆಗೆದರಲ್ಲ, ನನ್ನ ಅಮ್ಮನಿಗೆ ಒಂದೂ ಇಲ್ವಾ? ಅದು ಸಿಗೋವರೆಗೂ ನನಗೆ ಕಾಗದ ಬರೀಬೇಡಿ." ಅಪ್ಪ ಚಾಪೆಯ ಮೇಲೆ ಕೂತು ಲೆನ್ಸು ಒರೆಸುತ್ತಿದ್ದ. ಒರೆಸುವುದನ್ನು ನಿಲ್ಲಿಸಲಿಲ್ಲ. "ಸರಿಯಾಗೇ ಕೇಳಿದಾನೆ" ಅಂದ. ನೀನು ಬೇಡ ಅಂದರೂ ನಾನು ಬರೆಯುತ್ತಿದ್ದೇನೆ, ಅಮ್ಮನಿಗೆ ನೀನು ತಿರುಗಿ ಮಾತಾಡಿದಾಗ ಅವಳು ಕೇಳಿಸದವಳ ಹಾಗೆ ತಟ್ಟೆ ಹಾಕುತ್ತಿದ್ದಳಲ್ಲ, ಹಾಗೆ ಅಂದುಕೋ.

ನಿನ್ನ ಸಿಟ್ಟು ನನಗೆ ಅರ್ಥವಾಗುತ್ತದೆ. ಅಮ್ಮ ಹೋದಾಗ ನೀನು ನಡುಗಡಲಿನಲ್ಲಿದ್ದೆ. ಸುದ್ದಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದುಹೋಗಿತ್ತು, ಮುಖ ನೋಡಲು ಸಿಗಲಿಲ್ಲ. ಮದುವೆಯ ಫೋಟೋ ಕಳಿಸಿದರೆ, ತಲೆ ತಗ್ಗಿಸಿರುವ ಈ ಹುಡುಗಿ ಯಾರೋ, ನನ್ನ ಅಮ್ಮ ಅಲ್ಲ ಅಂದೆ. ಗುರುತಿನ ಚೀಟಿಯಲ್ಲಿರುವ ಮುಖವಂತೂ ಮಸಿಯ ಹೆಬ್ಬೆಟ್ಟಿನ ಹಾಗಿದೆ. ಹಾಗಾದರೆ ಅಪ್ಪ ಇಷ್ಟು ವರ್ಷ ತೆಗೆದದ್ದು ಎಲ್ಲಿ ಹೋಯಿತು ಅಂತ ನೀನು ಕೇಳುವುದು ನ್ಯಾಯವೇ. ಎಲ್ಲಿ ಹೋಯಿತು ಅನ್ನುವುದನ್ನೇ ಹೇಳಬೇಕು ಅಂತ ಕೂತಿದ್ದೇನೆ.

ಅಪ್ಪನ ಕಸುಬು ನಿನಗೆ ಗೊತ್ತಿಲ್ಲದ್ದಲ್ಲ. ಕ್ಯಾಮೆರಾವನ್ನು ಹೊಟ್ಟೆಯ ಮೇಲೆ ಜೋತುಬಿಟ್ಟುಕೊಂಡು, ಎತ್ತಲೋ ನೋಡುತ್ತಾ, ಟಕ್ ಅನ್ನುವ ಸದ್ದು ಮುಚ್ಚಲು ಒಂದು ಸಲ ಕೆಮ್ಮುವುದು. ಅದಕ್ಕೇ ಪೇಟೆಯವರೆಲ್ಲ "ಕೆಮ್ಮಪ್ಪ" ಅಂತ ಹೆಸರಿಟ್ಟರು. ಆಮೇಲೆ ಅದೇ ತೊಂದರೆಗೆ ಬಂತು. ಪೇಟೆಯಲ್ಲಿ ನಿಜವಾಗಿ ನೆಗಡಿಯಾದವನು ಕೆಮ್ಮಿದರೂ ತರಕಾರಿಯವಳು ಸೆರಗು ಸರಿಮಾಡಿಕೊಳ್ಳುವಳು, ಪೊಲೀಸಿನವನು ಹೊಟ್ಟೆ ಒಳಗೆಳೆದುಕೊಳ್ಳುವನು. ಅಪ್ಪ ಕೆಮ್ಮು ಬಿಟ್ಟು ಆಕಳಿಕೆ ಶುರುಮಾಡಬೇಕಾಯಿತು. ಬೀದಿ ಜಗಳ ನೋಡುತ್ತಾ ಗಿರಾಕಿಯ ತಲೆಯ ನಡುವೆ ದಾರಿ ಮಾಡಿಬಿಟ್ಟ ಕ್ಷೌರದವನು, ಟಿಕೆಟ್ಟಿನ ಸಾಲಿನಲ್ಲಿ ಮುದುಕಪ್ಪನ ಹಿಂದೆ ಗಂಭೀರವಾಗಿ ಕೂತ ನಾಯಿ, ಇವೆಲ್ಲ ಹಾಗೆ ಸಿಕ್ಕವು, ಅಮ್ಮನೂ ಹಾಗೇ ಸಿಗುತ್ತಿದ್ದಳು. ನಾಯಿಯ ಫೋಟೋಕ್ಕೆ ಅಮ್ಮ ಅಂದದ್ದು, "ಚಿಲ್ಲರೆ ಇಟ್ಕೊಂಡು ಬಂದಿರೋದು ಇದೊಂದೇ."

ರೀಲು ತೊಳೆಯುವ ದಿನ ಬಚ್ಚಲುಮನೆ ಅಪ್ಪನದು. ಮುಖಕ್ಕೆ ಸೋಪು ಹಚ್ಚಿಕೊಂಡ ನಿನ್ನನ್ನು ಹೊರಗೆ ದಬ್ಬಿ ಚಿಲಕ ಹಾಕಿಕೊಂಡದ್ದು ನೆನಪಿದೆಯಾ? ರೀಲು ಒಣಗಿದ ಮೇಲೆ ಅಪ್ಪ ಅದನ್ನು ಬೆಳಕಿಗೆ ಹಿಡಿದು, ನಗು ಬರುವ ತುಂಡನ್ನು ಮಾತ್ರ ಕತ್ತರಿಯಿಂದ ಕತ್ತರಿಸಿ ಡಬ್ಬಿಗೆ ಹಾಕುತ್ತಿದ್ದ. ಉಳಿದದ್ದು ಕಸದ ಬುಟ್ಟಿಗೆ. "ಕಾಳು ಸಿಕ್ಕಿದ ಮೇಲೆ ಹೊಟ್ಟು ಯಾಕೆ?" ಅನ್ನುತ್ತಿದ್ದ. ಬೇರೆ ಫೋಟೋದವರು ರೀಲನ್ನು ಹಾಗೇ ಜೋಪಾನವಾಗಿ ಇಡುತ್ತಾರಂತೆ, ನನಗೆ ಈಗ ಗೊತ್ತಾಯಿತು. ಅಮ್ಮ ಸೀನುವ ಮೊದಲು ಸುಮ್ಮನೆ ಕೂತಿದ್ದಳಲ್ಲ, ಬಸ್ಸಿನ ಹಿಂದೆ ಓಡುವ ಮೊದಲು ನಿಂತು ದಾರಿ ನೋಡುತ್ತಿದ್ದಳಲ್ಲ, ಆ ತುಂಡುಗಳೆಲ್ಲ ಒಂದು ಕಾಲಕ್ಕೆ ನಮ್ಮ ಮನೆಯಲ್ಲೇ ಇದ್ದವು ಅಣ್ಣ. ಅವುಗಳಲ್ಲಿ ಅಮ್ಮ ನೆಟ್ಟಗೇ ಇದ್ದಿರಬೇಕು. ಬುಟ್ಟಿ ತುಂಬಿದಾಗ ಬೀದಿ ತುದಿಯ ತೊಟ್ಟಿಗೆ ಸುರಿದು ಬರುತ್ತಿದ್ದಳು, ಅಮ್ಮನೇ.

ನಿನ್ನ ಕಾಗದ ಬಂದ ಮೇಲೆ ಅಪ್ಪ ಬಿಸ್ಕತ್ತಿನ ಡಬ್ಬಿಗಳನ್ನೆಲ್ಲ ಇಳಿಸಿಕೊಂಡು ಕೂತ. ಒಂದೊಂದು ತುಂಡನ್ನೂ ಕಿಟಕಿಗೆ ಹಿಡಿದು, "ಇದರಲ್ಲಿ ಬಾಯಿ ಮುಚ್ಚಿದ್ದಾಳಾ ನೋಡು" ಅಂತ ನನ್ನನ್ನು ಕೇಳುವುದು. ಎಲ್ಲಿ ಮುಚ್ಚಿರುತ್ತಾಳೆ? ಸೂಜಿಗೆ ದಾರ ಪೋಣಿಸುತ್ತಾ ನಾಲಿಗೆ ಹೊರಗೆ ಹಾಕಿರುವುದು, ಗಾಳಿಗೆ ಮಗುಚಿದ ಛತ್ರಿಯೊಡನೆ ಕುಸ್ತಿ, ಆಸ್ಪತ್ರೆಯ ಬೆಂಚಿನ ಮೇಲೆ ಪಕ್ಕದ ಅಪರಿಚಿತನ ಭುಜಕ್ಕೆ ಒರಗಿ ಗೊರಕೆ. ಮೊದಲಾಗಿದ್ದರೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಈಗ ಅಪ್ಪ ಪ್ರತಿಯೊಂದನ್ನೂ ಮಗುಚಿ ಇಡುತ್ತಿದ್ದ.

ಬೋರ್ಡು ಬರೆಯುವವನನ್ನೂ ಕರೆಸಿದ್ದಾಯಿತು. ಈ ಫೋಟೋದ ಕಣ್ಣು, ಆ ಫೋಟೋದ ಮೂಗು ಸೇರಿಸಿ ಒಂದು ಚಿತ್ರ ಬರೆದುಕೊಡು ಅಂತ. ಪಾಪ, ಕಷ್ಟಪಟ್ಟು ಬರೆದ. ಅಪ್ಪ ಅದನ್ನು ದೂರ ಹಿಡಿದ, ಹತ್ತಿರ ಹಿಡಿದ, ಕೊನೆಗೆ ಮರ್ಯಾದೆಯಿಂದ ಕೇಳಿದ, "ಇವರು ಯಾರಪ್ಪ?" ಅವನು ತಲೆ ಕೆರೆದುಕೊಂಡು, "ನಮ್ಮ ಅತ್ತೆ ಹಾಗೆ ಬಂದ್ಬಿಡ್ತು ಸಾರ್" ಅಂದ. ಚಿತ್ರವನ್ನು ಅವನಿಗೇ ಕೊಟ್ಟು ಕಳಿಸಿದೆವು, ಅವರತ್ತೆಗೆ ಖುಷಿಯಾಯಿತಂತೆ.

ಒಂದು ವಿಷಯ ನಿನಗೆ ಗೊತ್ತಿರಲಾರದು, ನೀನು ಆಗ ಹಡಗು ಸೇರಿದ್ದೆ. ಒಂದು ದಿನ ಅಮ್ಮ ತಲೆ ಬಾಚಿಕೊಂಡು, ನೀಲಿ ಸೀರೆ ಉಟ್ಟು, ಕುರ್ಚಿ ತಂದು ಬಾಗಿಲ ಬೆಳಕಿನಲ್ಲಿ ಹಾಕಿ ಕೂತಳು. "ರೀ, ನಂದೊಂದು ನೆಟ್ಟಗಿರೋದು ತೆಗೀರಿ. ನಾಳೆ ಮೊಮ್ಮಕ್ಕಳು, ನಮ್ಮಜ್ಜಿ ಯಾವಾಗ್ಲೂ ಬಾಯಿ ತೆರ್ಕೊಂಡೇ ಇರ್ತಿದ್ಲು ಅಂದ್ಕೊಂಡಾರು." ಅಪ್ಪ ಕ್ಯಾಮೆರಾ ಎತ್ತಿಕೊಂಡ, ಆದರೆ ಒತ್ತಲಿಲ್ಲ. ಕಾದ. ಅಮ್ಮ ಉಸಿರು ಬಿಗಿಹಿಡಿದು ಕೂತಳು, ಕೂತಳು, ನೊಣವೊಂದು ಮೂಗಿನ ಮೇಲೆ ಕೂತಿತು, ಅವಳು ಕಣ್ಣು ಮೆಳ್ಳೆ ಮಾಡಿ ಅದನ್ನು ನೋಡಿದಳು, ಆಗ ಒತ್ತಿದ. "ಥೂ, ನಿಮ್ಮ ಬುದ್ಧಿ!" ಅಂತ ಅಮ್ಮನೂ ನಕ್ಕಳು. ಪತ್ರಿಕೆಯಲ್ಲಿ ಬಂದು ಊರೂ ನಕ್ಕಿತು. ಆದರೆ ಅವತ್ತು ಸೀರೆ ಬದಲಾಯಿಸಲು ಒಳಗೆ ಹೋದವಳು ಸ್ವಲ್ಪ ಹೊತ್ತು ಹೊರಗೆ ಬರಲಿಲ್ಲ. ಆ ಫೋಟೋದ ಕೆಳಗೆ ಹಾಕಲು ಅವಳು ಏನನ್ನೂ ಹೇಳಲಿಲ್ಲ.

ಡಬ್ಬಿಗಳೆಲ್ಲ ಮುಗಿದ ಮೇಲೆ ಅಪ್ಪ ಚಪ್ಪಲಿ ಮೆಟ್ಟಿಕೊಂಡು ಎದುರು ಬೀದಿಯ ಸ್ಟುಡಿಯೋಕ್ಕೆ ಹೋದ. ಅದೇ, ಹಿಂದುಗಡೆ ಜಲಪಾತದ ಪರದೆ ಕಟ್ಟಿ, ಗದ್ದ ಎತ್ತಿ, ಭುಜ ತಿರುಗಿಸಿ ಅನ್ನುವವರು. ಅವರನ್ನು ಅಪ್ಪ "ಪರದೆ ಸಾಹುಕಾರ" ಅಂತ ಜೀವಮಾನವೆಲ್ಲ ಆಡಿಕೊಂಡವನು, ಅವರ ಮೆಟ್ಟಿಲು ತುಳಿದವನಲ್ಲ. ನಾನೂ ಜೊತೆಗಿದ್ದೆ, ಅಪ್ಪನ ಬೆನ್ನ ಹಿಂದೆ. ಅಪ್ಪ ಸುತ್ತು ಬಳಸದೆ ಕೇಳಿದ, ನನ್ನ ಹೆಂಡತಿ ಯಾವಾಗಲಾದರೂ ಇಲ್ಲಿ ಬಂದು ತೆಗೆಸಿಕೊಂಡಿದ್ದಳಾ ಅಂತ. ಅವರು ಕುರ್ಚಿ ಎಳೆದುಕೊಟ್ಟು, ಟೀ ತರಿಸಿ, ಆಮೇಲೆ ಹೇಳಿದರು. "ಬಂದಿದ್ರು ಸಾರ್. ನೀಲಿ ಸೀರೆ ಉಟ್ಕೊಂಡು ಬಂದಿದ್ರು. ಬಾಗಿಲ ತನಕ ಬಂದು, ಯಾಕೋ ನಿಂತ್ರು. ಬನ್ನಿ ತಾಯಿ ಅಂದೆ. 'ಬೇಡಿ, ಅವರಿಗೆ ಗೊತ್ತಾದ್ರೆ ಬೇಜಾರ್ ಮಾಡ್ಕೋತಾರೆ' ಅಂತ ಹೊರಟೇ ಹೋದ್ರು. ನಾನು ಕೈ ಹಿಡಿದು ಕೂರಿಸಬೇಕಾಗಿತ್ತು, ನಂದೂ ತಪ್ಪೇ." ಅಪ್ಪನ ಟೀ ಹಾಗೇ ಕೆನೆ ಕಟ್ಟಿತು. ಮನೆಗೆ ಬರುವಾಗ ರಸ್ತೆಯ ನಡುವೆ ನಿಂತು ನನ್ನನ್ನು ಕೇಳಿದ, "ನಾನು ಅಷ್ಟು ಕೆಟ್ಟವನಾ ಪುಟ್ಟಿ, ಕೇಳೋಕೂ ಹೆದರೋ ಅಷ್ಟು?" ನನ್ನ ಬಾಯಿ ಯಾವತ್ತು ಬೇಕಾದಾಗ ಬಂದಿದೆ ಹೇಳು. ಇಲ್ಲಪ್ಪ, ಹೆದರಿ ಅಲ್ಲ, ಪ್ರೀತಿಯಿಂದ ಅಂತ ಹೇಳಬಹುದಿತ್ತು. ಮನೆ ಮುಟ್ಟಿದ ಮೇಲೆ ಹೊಳೆಯಿತು, ಅಷ್ಟರಲ್ಲಿ ಅಪ್ಪ ಮಲಗಿದ್ದ.

ಅವತ್ತಿನಿಂದ ಅಪ್ಪ ಬೀದಿಗೆ ಹೋಗಿಲ್ಲ. ಪತ್ರಿಕೆಯವರು ಎರಡು ಸಲ ಆಳು ಕಳಿಸಿದರು. ತರಕಾರಿಯವಳು ನಮ್ಮ ಕಿಟಕಿಯ ಮುಂದೆ ಬಂದು ಬೇಕೆಂದೇ ಕೆಮ್ಮುತ್ತಾಳೆ, "ಏನ್ ಕೆಮ್ಮಪ್ಪ, ನಾನು ಮುದುಕಿ ಆದ್ನಾ, ಈಗ ಬೇಡ್ವಾ?" ಅಂತ. ಅಪ್ಪ ಕೈ ಮಾತ್ರ ಎತ್ತುತ್ತಾನೆ.

ಆದ್ದರಿಂದ ಅಣ್ಣ, ನೀನು ಕೇಳಿದ ಫೋಟೋ ಇಲ್ಲ. ಹುಡುಕದೆ ಇಲ್ಲ ಅನ್ನುತ್ತಿಲ್ಲ. ಅಮ್ಮನಿಗೆ ಒಂದು ಬೇಕಿತ್ತು, ಅದು ಅವಳಿಗೂ ಸಿಗಲಿಲ್ಲ, ನಿನಗೂ ಸಿಗುವುದಿಲ್ಲ. ಇದನ್ನು ಬರೆದುಕೊಡಲು ಮನೆಯಲ್ಲಿ ಬೇರೆ ಯಾರೂ ಇಲ್ಲವಲ್ಲ ಅಂತ ನಾನು ಬರೆದೆ.

ಎಣ್ಣೆಯ ಕೈಯಲ್ಲಿ ಕಣ್ಣು ಉಜ್ಜಿಕೊಳ್ಳಬೇಡ. ಸೊಂಟಕ್ಕೆ ಬಿಸಿ ಕೊಡು. ಅತ್ತಿಗೆಗೆ ನನ್ನ ನಮಸ್ಕಾರ, ಮಗುವಿನ ಎರಡು ಕೆನ್ನೆಗೂ ಒಂದೊಂದು ಮುತ್ತು. ಅಪ್ಪ ಬಾಯಿಬಿಟ್ಟು ಏನೂ ಹೇಳಿಲ್ಲ, ಆದರೆ ಅವನ ಆಶೀರ್ವಾದವನ್ನು ನಾನೇ ಸೇರಿಸುತ್ತಿದ್ದೇನೆ.

ನಿನ್ನ,
ಬೆಂಚಿನ ಕೆಳಗಿನ ತಂಗಿ

ಅಣ್ಣ, ಅಂಟು ಹಾಕುವ ಮೊದಲು ಇನ್ನೊಂದು ಮಾತು. ಟಪಾಲಿನವನು ಬರುವ ಹೊತ್ತಾಯಿತು, ಗೀಚುತ್ತಿದ್ದೇನೆ. ಇವತ್ತು ಬೆಳಿಗ್ಗೆ ಅಪ್ಪ ಕಿಟಕಿಯ ಹತ್ತಿರ ಕುರ್ಚಿ ಹಾಕಿ ನನ್ನನ್ನು ಕರೆದ. "ಬಾ, ಕೂತ್ಕೋ. ತೆಗೀಲಾ?" ಅಪ್ಪ ಯಾರನ್ನೂ ಹಾಗೆ ಕೇಳಿದವನಲ್ಲ. ನಾನು ಕೂತೆ. ಅಷ್ಟರಲ್ಲಿ ಕಿಟಕಿಯ ಪರದೆ ಕೋಲುಸಮೇತ ಕಳಚಿ ನನ್ನ ತಲೆಯ ಮೇಲೆ ಬಿತ್ತು. ಒಳಗಿನಿಂದ ನಾನು ಕೈ ಆಡಿಸುತ್ತಿದ್ದೇನೆ, ದೆವ್ವದ ಹಾಗೆ. ಟಕ್ ಅನ್ನುವುದಕ್ಕೇ ಕಾದೆ. ಅನ್ನಲಿಲ್ಲ ಅಣ್ಣ. ಅಪ್ಪ ಬಂದು ಪರದೆ ಎತ್ತಿ, ನನ್ನ ಕೂದಲು ಸವರಿ, ವಾಪಸು ಹೋಗಿ, "ಈಗ ನೆಟ್ಟಗೆ ನೋಡು" ಅಂದು ಒಂದೇ ಒಂದು ತೆಗೆದ. ಆಮೇಲೆ ಇನ್ನೂ ಫೋಟೋಗಳಿಗೆ ಜಾಗವಿದ್ದ ರೀಲನ್ನು ಪೂರ್ತಿ ಸುತ್ತಿ ಹೊರಗೆ ತೆಗೆದು, "ಇನ್ನು ಸಾಕು" ಅಂದ.

ನೀನು ಅಪ್ಪನ ಹೆಸರಿಗೆ ಬೇರೆಯಾಗಿ ಒಂದು ಕಾಗದ ಬರಿ. ಅಮ್ಮನ ಬಾಯಿ ತೆರೆದದ್ದೇ ಒಂದನ್ನು, ನಿನಗೆ ಇಷ್ಟವಾದದ್ದನ್ನು, ಮಗುವಿಗೆ ಅಂತ ಕೇಳು. ಸಿಟ್ಟು ಹೋಗಿರದಿದ್ದರೂ ಪರವಾಗಿಲ್ಲ, ಕೇಳು. ನಾನು ಹೇಳಿದೆ ಅನ್ನಬೇಡ. ಈಗ ತಾನೇ ಅಂಗಡಿಗೆ ಹೋಗಿ, ಮಾತಾಡಲು ನಾಚಿಕೆಯಾಗಿ ಬೆರಳಲ್ಲೇ ತೋರಿಸಿ, ಹೊಸ ರೀಲು ಒಂದು ತಂದು ಕ್ಯಾಮೆರಾದೊಳಗೆ ಹಾಕಿಟ್ಟಿದ್ದೇನೆ.